ಕುದ್ರುವಿಗೆ ಬಂದು ಇದ್ದು ಸರ್ಫಿಂಗ್ ಕಲಿಯಬಹುದಾ?

ಮಳೆ ಕಡಿಮೆಯಾಗುತ್ತಾ ಬಂದರೆ ಸಾಕು, ನನ್ನ ಫೋನಿಗೆ ಒಂದೇ ಪ್ರಶ್ನೆ ಬರಲು ಶುರುವಾಗುತ್ತದೆ. ಕೇಳುವವರು ಬೆಂಗಳೂರಿನಲ್ಲಿ ಜೊತೆಗೆ ಕೆಲಸ ಮಾಡಿದವರು, ದಾವಣಗೆರೆಯ ತವರಿನವರು, ಅವರ ಸ್ನೇಹಿತರು. "ನೀನು ದ್ವೀಪದಲ್ಲಿ ಇದ್ದೀಯಲ್ಲ, ನಾವೂ ಒಂದಷ್ಟು ದಿನ ಬಂದು ಇದ್ದು ಸರ್ಫಿಂಗ್ ಕಲಿಯಬಹುದಾ? ಈಜು ಅಷ್ಟಾಗಿ ಬರಲ್ಲ."

ಬನ್ನಿ. ಆದರೆ ಈಜು ಕಲಿತು ಬನ್ನಿ. ಅಲೆಯ ಮೇಲೆ ಜಾರುವ ಬೋರ್ಡನ್ನು ಹಗ್ಗದಿಂದ ಕಾಲಿಗೆ ಕಟ್ಟಿರುತ್ತಾರೆ, ಹಿಡಿದುಕೊಂಡರೆ ಆಯ್ತು ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಆ ಹಗ್ಗ ತುಂಡಾಗುತ್ತದೆ. ನಾನೇ ಕಂಡಿದ್ದೇನೆ.

ಮೊದಲು ದ್ವೀಪದ ವಿಷಯ. ಹೊರಗಿನವರಿಗೆ ಉಡುಪಿಯ ದ್ವೀಪ ಅಂದರೆ ಮಲ್ಪೆಯಿಂದ ಬೋಟ್‌ನಲ್ಲಿ ಹೋಗುವ ಸೇಂಟ್ ಮೇರೀಸ್. ಅಲ್ಲಿ ಯಾರೂ ವಾಸವಿಲ್ಲ. ಸುಮಾರು 8.8 ಕೋಟಿ ವರ್ಷ ಹಳೆಯ ಲಾವಾ ಕಂಬಗಳನ್ನು ನೋಡಿ, ಸಂಜೆಯೊಳಗೆ ವಾಪಸ್ ಬರಬೇಕು. ಜನ ಇರುವ ದ್ವೀಪಗಳು ಬೇರೆ. ಅವು ನದಿಯ ಒಳಗಿವೆ. ಇಲ್ಲಿ ಅವನ್ನು ಕುದ್ರು ಅನ್ನುತ್ತಾರೆ, ಮಂಗಳೂರಿನ ಕಡೆ ಉಳಿಯ ಅಂತಲೂ ಹೇಳುತ್ತಾರೆ. ಕೆಮ್ಮಣ್ಣಿನ ತೂಗುಸೇತುವೆ ದಾಟಿದರೆ ತಿಮ್ಮಣ್ಣ ಕುದ್ರು. ಕುಂದಾಪುರದ ಹತ್ತಿರ ಯಕ್ಷಗಾನ ಗೊಂಬೆಯಾಟದ ಉಪ್ಪಿನಕುದ್ರು. ನೇತ್ರಾವತಿಯ ನಡುವೆ ಪಾವೂರು ಉಳಿಯ. ಅಲ್ಲಿನವರು ಬೇಸಿಗೆಯಲ್ಲಿ ತಾವೇ ಸೇರಿ ಮರದ ಕಾಲುಸೇತುವೆ ಕಟ್ಟಿಕೊಳ್ಳುತ್ತಾರೆ. ಮಳೆಗಾಲಕ್ಕೆ ಅದನ್ನು ಬಿಚ್ಚಿ ಮತ್ತೆ ದೋಣಿ ಹತ್ತುತ್ತಾರೆ.

ನಾನು ಮದುವೆಯಾಗಿ ಬಂದದ್ದು ಸುವರ್ಣಾ ನದಿಯ ಒಂದು ಸಣ್ಣ ಕುದ್ರುವಿಗೆ. ಕಾರು ಆಚೆ ದಡದಲ್ಲೇ ನಿಲ್ಲುತ್ತದೆ. ಗ್ಯಾಸ್ ಸಿಲಿಂಡರ್ ಹೆಗಲ ಮೇಲೆ ಬರುತ್ತದೆ. ಫೆಬ್ರುವರಿ ಕಳೆದ ಮೇಲೆ ಬಾವಿ ನೀರು ಉಪ್ಪಾಗುತ್ತಾ ಹೋಗುತ್ತದೆ. ನದಿ ಇಳಿದಾಗ ಅತ್ತೆ ಬುಟ್ಟಿ ಹಿಡಿದು ಮರುವಾಯಿ, ಅಂದರೆ ಚಿಪ್ಪುಮೀನು, ಹೆಕ್ಕಲು ಹೋಗುತ್ತಾರೆ. ಉಬ್ಬರ-ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಅಲ್ವಾ? ಅದಕ್ಕೆ ನಮ್ಮ ಮನೆಯಲ್ಲಿ ಊಟದ ಹೊತ್ತೂ ಆಚೀಚೆ ಆಗುತ್ತಲೇ ಇರುತ್ತದೆ.

ಇನ್ನು ಸರ್ಫಿಂಗ್. ಈ ಕರಾವಳಿಗೆ ಅದು ಹೊಸ ಸಂಗತಿಯೇನಲ್ಲ. 2004ರ ಹೊತ್ತಿಗೇ ಮೂಲ್ಕಿಯ ಒಂದು ಆಶ್ರಮದಲ್ಲಿ ಶುರುವಾಗಿತ್ತು. 2016ರ ಮೇ ತಿಂಗಳಲ್ಲಿ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆಯಿತು. ಈಗ ಕೋಡಿ ಬೆಂಗ್ರೆಯಲ್ಲೂ ಕಲಿಸುವವರಿದ್ದಾರೆ. ಮೂಲ್ಕಿ, ಸಸಿಹಿತ್ಲು, ಕೋಡಿ ಬೆಂಗ್ರೆ ಮೂರೂ ಅಳಿವೆಯ ಜಾಗಗಳು, ಅಂದರೆ ನದಿ ಕಡಲಿಗೆ ಸೇರುವ ಬಾಯಿ. ಸಸಿಹಿತ್ಲುವಿನಲ್ಲಿ ನಂದಿನಿ, ಶಾಂಭವಿ. ಕೋಡಿ ಬೆಂಗ್ರೆಯಲ್ಲಿ ಸುವರ್ಣಾ, ಸೀತಾ.

ನದಿ ಘಟ್ಟದಿಂದ ಮರಳು ತರುತ್ತದೆ. ಒಂದಷ್ಟನ್ನು ದಾರಿಯಲ್ಲೇ ಇಳಿಸುತ್ತದೆ, ಅದು ಕುದ್ರು. ಉಳಿದದ್ದನ್ನು ಅಳಿವೆಯ ಹೊರಗೆ ನೀರಿನಡಿ ದಿಬ್ಬ ಮಾಡುತ್ತದೆ. ದೂರದ ಕಡಲಿನಿಂದ ಬಂದ ತೆರೆ ಆ ದಿಬ್ಬ ತಾಗಿ ಎದ್ದು ಒಡೆಯುತ್ತದೆ. ಬೋರ್ಡ್ ಮೇಲೆ ನಾವು ಜಾರುವುದು ಆ ತೆರೆಯ ಮೇಲೆ. ಅಂದರೆ ನನ್ನ ಮನೆ ಯಾವ ಮರಳಿನ ಮೇಲೆ ನಿಂತಿದೆಯೋ ಅದೇ ಮರಳು ನನ್ನ ಅಲೆಯನ್ನೂ ಮಾಡುತ್ತದೆ. ನದಿಯಿಂದ ಜಾಸ್ತಿ ಮರಳು ತೆಗೆದರೆ ಕುದ್ರುವಿನ ಅಂಚು ಕುಸಿಯುತ್ತದೆ, ದಿಬ್ಬಕ್ಕೆ ಹೋಗುವ ಮರಳೂ ಕಡಿಮೆಯಾಗುತ್ತದೆ. ಪಾವೂರು ಉಳಿಯದವರು ತಮ್ಮ ನೆಲ ನೀರಿಗೆ ಹೋಗುವುದನ್ನು ಕಣ್ಣಾರೆ ನೋಡುತ್ತಿದ್ದಾರೆ. ನಮ್ಮಲ್ಲೂ ನದಿ ಬದಿಯ ಎರಡು ತೆಂಗಿನಮರ ಹೋಗಿವೆ. ಇದನ್ನು ಹೇಳದೆ ನನಗೆ ಸರ್ಫಿಂಗ್ ಬಗ್ಗೆ ಮಾತಾಡಲು ಆಗುವುದಿಲ್ಲ.

ದಿಬ್ಬ ಪ್ರತಿ ಮಳೆಗಾಲಕ್ಕೆ ಜಾಗ ಬದಲಿಸುತ್ತದೆ. ಕಳೆದ ವರ್ಷ ಚೆನ್ನಾಗಿದ್ದ ಜಾಗ ಈ ವರ್ಷ ಚೆನ್ನಾಗಿರಬೇಕೆಂದಿಲ್ಲ. ನಾನು ಕಲಿಯಲು ಶುರು ಮಾಡಿದ ಮೂರನೇ ತಿಂಗಳು, ಒಬ್ಬಳೇ, ಇಳಿತದ ಹೊತ್ತಿನಲ್ಲಿ ಅಳಿವೆಯ ಹತ್ತಿರ ನೀರಿಗಿಳಿದೆ. ಹಿಂದಿನ ರಾತ್ರಿ ಮಳೆ ಬಂದಿತ್ತು. ನದಿಯ ನೀರೆಲ್ಲ ಕಡಲಿಗೆ ಓಡುತ್ತಿತ್ತು. ಎಷ್ಟು ಕೈ ಬಡಿದರೂ ದಡ ದೂರ ಹೋಗುತ್ತಲೇ ಇತ್ತು. ಬಲೆ ಹಾಕಿ ವಾಪಸ್ ಬರುತ್ತಿದ್ದ ದೋಣಿಯವರು ಎಳೆದುಕೊಂಡರು. ಅವರು ಬೈಯಲಿಲ್ಲ. ಹಿರಿಯರೊಬ್ಬರು ಇಷ್ಟೇ ಹೇಳಿದರು: "ಇಳಿಯುವ ಮೊದಲು ನಮ್ಮನ್ನೊಂದು ಮಾತು ಕೇಳಬಾರದಿತ್ತಾ ಮಗಾ?" ಅವತ್ತಿನಿಂದ ನಾನು ಕೇಳದೆ ಇಳಿದಿಲ್ಲ.

ನೀವೂ ಕೇಳಿ. ಅಲೆ-ಗಾಳಿ ತೋರಿಸುವ ಆ್ಯಪ್ ನೋಡಿ, ತಪ್ಪಲ್ಲ. ಆದರೆ ಇವತ್ತು ದಿಬ್ಬ ಎಲ್ಲಿದೆ, ಸೆಳೆತ ಎಲ್ಲಿದೆ ಅನ್ನುವುದು ದಡದಲ್ಲಿ ಬಲೆ ಸರಿಮಾಡುತ್ತಾ ಕೂತವರಿಗೆ ಗೊತ್ತಿರುತ್ತದೆ. ಕೈರಂಪಣಿ ಬಲೆ ಬಿಟ್ಟಿದ್ದರೆ ನೀರಿನಿಂದ ಹೊರಗೆ ಬನ್ನಿ. ದೋಣಿ ಅರ್ಧ ಸುತ್ತು ಹಾಕಿ ಬಲೆ ಬಿಡುತ್ತದೆ, ದಡದಲ್ಲಿ ಎರಡು ಸಾಲು ಜನ ಹಗ್ಗ ಎಳೆಯುತ್ತಾರೆ. ಸುಮ್ನೆ ವಿಡಿಯೋ ಮಾಡುತ್ತಾ ನಿಲ್ಲಬೇಡಿ, ಕೇಳಿ ಹಗ್ಗ ಹಿಡಿಯಿರಿ. ಅರ್ಧ ಗಂಟೆಯಲ್ಲಿ ಭುಜ ಬಿಸಿಯಾಗುತ್ತದೆ. ಬೋರ್ಡ್ ಮೇಲೆ ಮಲಗಿ ಕೈ ಬಡಿಯಲು ಬೇಕಾದ ಶಕ್ತಿ ಅದೇ.

ಯಾವಾಗ ಬರಬೇಕು? ದೀಪಾವಳಿಯಿಂದ ಪತ್ತನಾಜೆಯವರೆಗೆ. ಪತ್ತನಾಜೆ ಅಂದರೆ ತುಳುವಿನ ಬೇಶ ತಿಂಗಳ ಹತ್ತನೇ ದಿನ, ಮೇ 24ರ ಸುಮಾರಿಗೆ ಬರುತ್ತದೆ. ಯಕ್ಷಗಾನ ಮೇಳಗಳು ಅಂದಿಗೆ ಗೆಜ್ಜೆ ಬಿಚ್ಚುತ್ತವೆ, ದೈವಗಳ ಆರಾಧನೆಯಾದ ನೇಮ-ಕೋಲಗಳೂ ನಿಲ್ಲುತ್ತವೆ. ಹೊಸಬರು ಕಡಲಿಗಿಳಿಯುವುದೂ ಅಲ್ಲಿಗೆ ನಿಲ್ಲಬೇಕು. ಮಳೆಗಾಲದಲ್ಲಿ ಅಲೆ ದೊಡ್ಡದು ನಿಜ, ಅದು ವರ್ಷಗಟ್ಟಲೆ ಕಲಿತವರಿಗೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳೇ ಕಡಲಿಗೆ ಹೋಗುವುದಿಲ್ಲ. ಬೆಳಿಗ್ಗೆ ಆರರಿಂದ ಒಂಬತ್ತು ಒಳ್ಳೆಯ ಹೊತ್ತು. ಆಗ ಗಾಳಿ ನೆಲದ ಕಡೆಯಿಂದ ಬೀಸುತ್ತದೆ, ತೆರೆ ನಯವಾಗಿರುತ್ತದೆ. ಮಧ್ಯಾಹ್ನ ಕಡಲ ಗಾಳಿ ಎದ್ದರೆ ಎಲ್ಲ ಕಲಕಿ ಹೋಗುತ್ತದೆ.

ಎಷ್ಟು ದಿನ ಬೇಕು? ಸೊಂಟದ ಮಟ್ಟದ ನೊರೆ ನೀರಿನಲ್ಲಿ ನಾನು ಎದ್ದು ನಿಂತದ್ದು ಎರಡನೇ ದಿನ. ಒಡೆಯದ ತೆರೆಯನ್ನು ನಾನೇ ಗುರುತಿಸಿ ಹಿಡಿದದ್ದು ಎಂಟು ತಿಂಗಳಾದ ಮೇಲೆ. ಹತ್ತು ದಿನ ಇಟ್ಟುಕೊಂಡು ಬನ್ನಿ. ಶನಿವಾರ ಬಂದು ಭಾನುವಾರ ಹೋಗುವುದಾದರೆ ಕಲಿಸುವವರಿಗೂ ಬೇಸರ, ನಿಮಗೂ ಬೇಸರ.

ಆ ಹತ್ತು ದಿನದಲ್ಲಿ ಎಲ್ಲಾದರೂ ಕೋಲ ಇದ್ದೇ ಇರುತ್ತದೆ. ಕಡಲ ಬದಿಯಲ್ಲಿ ಬಬ್ಬರ್ಯನ ಗುಡಿಗಳು ಕಾಣುತ್ತವೆ, ಮೀನುಗಾರರು ನಂಬುವ ದೈವ. ಹೋಗಿ, ಚಪ್ಪಲಿ ಹೊರಗೆ ಬಿಟ್ಟು ಕೂತುಕೊಳ್ಳಿ. ಅದು ಪ್ರದರ್ಶನ ಅಲ್ಲ. ಜನ ತಮ್ಮ ಮನೆಯ ಕಷ್ಟವನ್ನು ಎಲ್ಲರೆದುರು ದೈವಕ್ಕೆ ಹೇಳಿಕೊಳ್ಳುತ್ತಿರುತ್ತಾರೆ. ಅದನ್ನು ಫೋನಿನಲ್ಲಿ ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ. ಇನ್ನೊಂದು, ಕಡಲಿನಿಂದ ಊರೊಳಗೆ ನಡೆಯುವಾಗ ಒಂದು ಬಟ್ಟೆ ಹೊದ್ದುಕೊಳ್ಳಿ. ಅದು ಜನರ ಮನೆಯಂಗಳದ ದಾರಿ.

ಕೆಲವರು ಇಲ್ಲೇ ಜಾಗ ತೆಗೆದುಕೊಳ್ಳುವ ಮಾತಾಡುತ್ತಾರೆ. ನೀರಿನ ಅಂಚಿನಲ್ಲಿ ಕಟ್ಟಡಕ್ಕೆ ಮಿತಿ ಹಾಕುವ ಕರಾವಳಿ ನಿಯಂತ್ರಣ ವಲಯದ ನಿಯಮ ಇದೆ, ಅದನ್ನು ಮೊದಲು ತಿಳಿದುಕೊಳ್ಳಿ. ಅದಕ್ಕೂ ಮೊದಲು ಒಂದು ಮಳೆಗಾಲ ಬಾಡಿಗೆಗೆ ಇದ್ದು ನೋಡಿ. ಜೋರು ಮಳೆಯ ಆಟಿ ಎಂಬ ತುಳು ತಿಂಗಳಲ್ಲಿ ನೆರೆ ಮೆಟ್ಟಿಲವರೆಗೆ ಬಂದ ರಾತ್ರಿ, ಕರೆಂಟ್ ಇಲ್ಲದಾಗ, ಪಕ್ಕದ ಮನೆಯವರು ದೋಣಿಯಲ್ಲಿ ಗಂಜಿ ತಂದುಕೊಟ್ಟರು. ಅವರ ಹೆಸರು ನನಗೆ ಸರಿಯಾಗಿ ಗೊತ್ತಾದದ್ದೇ ಅವತ್ತು. ನಾನು ಇಲ್ಲಿಯವಳಾದದ್ದೂ ಅವತ್ತೇ ಅನಿಸುತ್ತದೆ.

ಹೊರಡುವ ಹಿಂದಿನ ದಿನ ಒಂದು ಫೋನ್ ಮಾಡಿ. ಇಳಿತ ಎಷ್ಟು ಹೊತ್ತಿಗೆ ಅಂತ ಅತ್ತೆಯನ್ನು ಕೇಳಿ ಹೇಳುತ್ತೇನೆ.