ಗೆದ್ರೆ ಎಷ್ಟು ಅತ್ತೆ?

ಅಮೆರಿಕದ ಮಿಶಿಗನ್‌ನಲ್ಲಿರುವ ನಮ್ಮ ಬೀದಿಯ ಫ್ಯಾಂಟಸಿ ಬೇಸ್‌ಬಾಲ್ ಲೀಗಿನ 2025ರ ಫಲಿತಾಂಶ ಬಂದಿದೆ. ಹನ್ನೆರಡು ತಂಡ. ಮೊದಲ ಸ್ಥಾನ ಪಕ್ಕದ ಮನೆ ಅಜ್ಜಿಗೆ. ಎರಡನೆಯದು ಅವರ ಮೊಮ್ಮಗನಿಗೆ, ಪಾಪ, ಬರೀ ಅರ್ಧ ಅಂಕದಲ್ಲಿ ಹೋಯಿತು. ನಾನು ಹನ್ನೊಂದನೆಯವಳು. ಹನ್ನೆರಡನೆಯವರು ಜುಲೈನಲ್ಲಿ ಮದುವೆಯಾಗಿ ತಂಡ ಕಟ್ಟಿದ್ದನ್ನೇ ಮರೆತುಬಿಟ್ಟಿದ್ದರು, ಹಾಗಾಗಿ ನಿಜವಾಗಿ ಆಡಿದವರಲ್ಲಿ ನಾನೇ ಕೊನೆ.

ಊರಿಗೆ ಫೋನ್ ಮಾಡಿದಾಗ ಇದನ್ನು ತಮಾಷೆಯಾಗಿ ಹೇಳಿದೆ. ಅಣ್ಣನ ಮಗ ಕೇಳಿದ್ದು ಒಂದೇ ಮಾತು.

"ಗೆದ್ರೆ ಎಷ್ಟು ಅತ್ತೆ?"

"ಏನೂ ಇಲ್ಲ ಕಣೋ. ಒಂದು ಟ್ರೋಫಿ ಇದೆ."

"ಅಷ್ಟೇನಾ? ಆರು ತಿಂಗಳು ಬರೀ ಅದಕ್ಕಾ?"

ಆ ಟ್ರೋಫಿಯನ್ನೂ ಅವನು ನೋಡಿಲ್ಲ. ಅಜ್ಜಿಯ ಗಂಡ ಯಾವುದೋ ಕಾಲದಲ್ಲಿ, ಚೆಂಡು ಉರುಳಿಸಿ ಗೂಟ ಬೀಳಿಸುವ ಬೌಲಿಂಗ್ ಆಟದಲ್ಲಿ ಗೆದ್ದದ್ದು. ಮೇಲಿರುವ ಬೊಂಬೆಗೆ ಒಂದು ಕೈ ಇಲ್ಲ. ಕೆಳಗಿನ ಮರದ ಪೀಠದ ಮೇಲೆ ಪ್ರತಿ ವರ್ಷ ಗೆದ್ದವರ ಹೆಸರು ಬರೆದು ಚೀಟಿ ಅಂಟಿಸುತ್ತಾರೆ. ಒಂದರ ಮೇಲೊಂದು ಕೂತು ಕೂತು ಈಗ ಹಳೇ ಹೆಸರು ಯಾವುದೂ ಓದಲು ಬರುವುದಿಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಮಾರ್ಚಿಯಲ್ಲಿ, ಸೀಸನ್ ಶುರುವಾಗುವ ಮೊದಲು, ಅಜ್ಜಿ ಮನೆಯ ಬೇಸ್‌ಮೆಂಟಿನಲ್ಲಿ ಎಲ್ಲರೂ ಸೇರುತ್ತೇವೆ. ತಲೆಗೆ ಹತ್ತು ಡಾಲರ್ ಹಾಕಿ ಪಿಜ್ಜಾ ತರಿಸುತ್ತೇವೆ. ಇಲ್ಲಿನ ದೊಡ್ಡ ಬೇಸ್‌ಬಾಲ್ ಲೀಗಾದ ಮೇಜರ್ ಲೀಗಿನಲ್ಲಿ ನಿಜವಾಗಿ ಆಡುವವರನ್ನು ಸರದಿಯಂತೆ ಒಬ್ಬೊಬ್ಬರಾಗಿ ಆರಿಸಿಕೊಳ್ಳುವುದು, ಒಂದು ತಂಡಕ್ಕೆ 23 ಜನ, ಒಬ್ಬರು ತಗೊಂಡವರನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಆಮೇಲೆ ಸೆಪ್ಟೆಂಬರ್ ಕೊನೆಯವರೆಗೆ, ಒಂದೊಂದು ತಂಡ 162 ಪಂದ್ಯ ಆಡಿ ಮುಗಿಸುವವರೆಗೆ, ಅವರು ಹೊಡೆದ ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ), ಕದ್ದ ಬೇಸ್ (ಯಾರೂ ಚೆಂಡು ಹೊಡೆಯದೆಯೇ ಮುಂದಿನ ಬೇಸಿಗೆ ಓಡಿಬಿಡುವುದು), ಪಿಚರ್‌ಗಳು (ನಮ್ಮ ಬೌಲರ್ ಇದ್ದ ಹಾಗೆ) ಬ್ಯಾಟಿಗೆ ಸಿಗದಂತೆ ಎಸೆದು ಸ್ಟ್ರೈಕ್ ಔಟ್ ಮಾಡಿದ್ದು, ಬಿಟ್ಟುಕೊಟ್ಟ ರನ್, ಎಲ್ಲವೂ ನಮ್ಮ ಖಾತೆಗೆ. ಒಟ್ಟು ಹತ್ತು ಕಾಲಂ. ಪ್ರತಿ ಕಾಲಂನಲ್ಲೂ ಮೊದಲು ಬಂದವರಿಗೆ 12 ಅಂಕ, ಕೊನೆಯವರಿಗೆ 1. ಇಬ್ಬರು ಸಮ ಬಂದರೆ ಅಂಕವನ್ನು ಹಂಚಿಕೊಳ್ಳಬೇಕು. ಮೊಮ್ಮಗ ಸಿಕ್ಕಿಹಾಕಿಕೊಂಡಿದ್ದು ಅಲ್ಲೇ. ಕದ್ದ ಬೇಸ್‌ಗಳ ಕಾಲಂನಲ್ಲಿ ಅವನೂ ಇನ್ನೊಬ್ಬರೂ ಸಮ. ಅವನ ತಂಡದವರು ಯಾರಾದರೂ ಇನ್ನೊಂದೇ ಒಂದು ಬೇಸ್ ಕದ್ದಿದ್ದರೆ ಅಜ್ಜಿ ಪಕ್ಕಕ್ಕೆ ಬಂದು ನಿಲ್ಲುತ್ತಿದ್ದ.

1980ರಲ್ಲಿ ಡೇನಿಯಲ್ ಓಕ್ರೆಂಟ್ ಎನ್ನುವ ಬರಹಗಾರರು ಗೆಳೆಯರನ್ನು ಸೇರಿಸಿಕೊಂಡು ಶುರು ಮಾಡಿದ ಆಟವಿದು. ಅವರು ಸೇರುತ್ತಿದ್ದ ನ್ಯೂಯಾರ್ಕಿನ ಹೋಟೆಲಿನ ಹೆಸರಿನಿಂದಲೇ ಇದಕ್ಕೆ ರೋಟಿಸರಿ ಎಂದು ಹೆಸರು ಬಿತ್ತು. ಗೆದ್ದವರ ತಲೆ ಮೇಲೆ ಯೂ-ಹೂ ಎನ್ನುವ ಚಾಕೊಲೇಟ್ ಪಾನೀಯ ಸುರಿಯುವುದೂ ಆ ಗೆಳೆಯರೇ ಹಾಕಿಕೊಟ್ಟ ಪದ್ಧತಿ. ನಮ್ಮ ಅಜ್ಜಿ ಪದ್ಧತಿ ಬಿಡುವವರಲ್ಲ. 78 ವರ್ಷ, ಮಂಡಿ ನೋವು ಬೇರೆ. ಹಳದಿ ಮಳೆಕೋಟು ಹಾಕಿಕೊಂಡು, ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟು, ಹಿತ್ತಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಮೊಮ್ಮಕ್ಕಳು ಏಣಿ ಹತ್ತಿ ಮೇಲಿನಿಂದ ಸುರಿದರು. ನಾನು ಚನ್ನರಾಯಪಟ್ಟಣದವಳು, ಶ್ರವಣಬೆಳಗೊಳ ಕೂಗಳತೆ ದೂರ. ನನಗೆ ಕಂಡದ್ದು ಮಸ್ತಕಾಭಿಷೇಕವೇ, ಗೊಮ್ಮಟ ಮಾತ್ರ ಇಲ್ಲಿ ಕಿಸಿಕಿಸಿ ನಗುತ್ತಿದ್ದ.

ಅಜ್ಜಿ ಮೂವತ್ತು ವರ್ಷ ಶಾಲಾ ಬಸ್ ಓಡಿಸಿದವರು. ಇಲ್ಲಿನ ಬೇಸ್‌ಬಾಲ್ ತಂಡ ಡೆಟ್ರಾಯಿಟ್ ಟೈಗರ್ಸ್‌ನ ಪಂದ್ಯ ಇದ್ದ ಸಂಜೆ ಮುಂದಿನ ವರಾಂಡಾದಲ್ಲಿ ರೇಡಿಯೋ ಇಟ್ಟುಕೊಂಡು ಕೂರುತ್ತಾರೆ. ಟಿವಿ ಇದೆ, ಆದರೂ ರೇಡಿಯೋನೇ ಬೇಕು. ತೊಡೆ ಮೇಲೆ ಸ್ಕೋರ್ ಹಾಳೆ, ಕೈಯಲ್ಲಿ ಮೊಂಡು ಪೆನ್ಸಿಲ್. ಬ್ಯಾಟ್ ಬೀಸಿ ಸ್ಟ್ರೈಕ್ ಔಟಾದರೆ ಇಂಗ್ಲಿಷಿನ K ಅಕ್ಷರ ಬರೆಯುತ್ತಾರೆ. ಬ್ಯಾಟ್ ಎತ್ತದೆ ಸುಮ್ನೆ ನಿಂತು ಔಟಾದರೆ ಅದೇ ಅಕ್ಷರವನ್ನು ಉಲ್ಟಾ ಬರೆಯುತ್ತಾರೆ. ಉಲ್ಟಾ ಬರೆಯುವಾಗ ಮುಖದಲ್ಲಿ ಒಂದು ಸಣ್ಣ ತಿರಸ್ಕಾರ ಇರುತ್ತೆ, ನೋಡಬೇಕು. ಎರ್ನಿ ಹಾರ್ವೆಲ್ ಕಾಮೆಂಟರಿ ಕೇಳಿ ಬೆಳೆದವರು. 1960ರಿಂದ 2002ರವರೆಗೆ, ನಡುವೆ ಒಂದು ವರ್ಷ ಬಿಟ್ಟು, ಟೈಗರ್ಸ್‌ನ ದನಿ ಅಂದರೆ ಅವರೇ. ಗೆರೆಯಾಚೆ ಹೋದ ಚೆಂಡು, ಅಂದರೆ ಫೌಲ್ ಬಾಲ್, ಜನರ ನಡುವೆ ಬಿದ್ದರೆ "ಇಪ್ಸಿಲಾಂಟಿಯವರೊಬ್ಬರು ಹಿಡಿದರು" ಎನ್ನುತ್ತಿದ್ದರಂತೆ. ಹಿಡಿದವರ ಊರು ಅವರಿಗೇನು ಗೊತ್ತು! ಬಾಯಿಗೆ ಬಂದ ಒಂದು ಊರಿನ ಹೆಸರು ಹೇಳೋದು. ಆ ಊರಲ್ಲಿ ಕೇಳುತ್ತಾ ಕೂತವರಿಗೆ ಆ ದಿನವೆಲ್ಲ ಖುಷಿ.

ನಮ್ಮ ಚಿಕ್ಕಪ್ಪ ನೆನಪಾಗದೆ ಇರುತ್ತಾರಾ? ಕೆಇಬಿಯಲ್ಲಿ ಲೈನ್‌ಮನ್. ಕ್ರಿಕೆಟ್ ಇದ್ದ ದಿನ ಟ್ರಾನ್ಸಿಸ್ಟರನ್ನು ಕಿಟಕಿ ಸರಳಿಗೆ ಕಟ್ಟಿ, ಅಜ್ಜನ ಹಳೇ ಲೆಕ್ಕದ ಪುಸ್ತಕದ ಖಾಲಿ ಹಾಳೆಗಳಲ್ಲಿ ಸ್ಕೋರ್ ಬರೆಯುತ್ತಿದ್ದರು. ಒಂದು ಪುಟದಲ್ಲಿ ಕೊಬ್ಬರಿ ಕ್ವಿಂಟಲ್ ಲೆಕ್ಕ, ಪಕ್ಕದ ಪುಟದಲ್ಲಿ ಶ್ರೀನಾಥ್ ಓವರು. ಇಂಗ್ಲಿಷ್ ಕಾಮೆಂಟರಿ ಕೇಳಿ ಅಡುಗೆಮನೆಗೆ ಕನ್ನಡದಲ್ಲಿ ಕೂಗಿ ಹೇಳುವುದು ಅವರದೇ ಡ್ಯೂಟಿ. 1999ರ ಫೆಬ್ರುವರಿ 7, ಕೋಟ್ಲಾದಲ್ಲಿ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ತೆಗೆದ ದಿನ, ಬೌಲರ್ ಕಾಲಂನಲ್ಲಿ ಸಾಲಾಗಿ ಕುಂಬ್ಳೆ, ಕುಂಬ್ಳೆ, ಕುಂಬ್ಳೆ. ಕೊನೆ ವಿಕೆಟ್ ಕುಂಬ್ಳೆಗೇ ಸಿಗಲಿ ಎಂದು ಶ್ರೀನಾಥ್ ಬೇಕಂತಲೇ ಆಚೆ ಆಚೆ ಎಸೆಯುತ್ತಿದ್ದರೆ, ಚಿಕ್ಕಪ್ಪ ಆ ವೈಡುಗಳಿಗೂ ಚಪ್ಪಾಳೆ ತಟ್ಟುತ್ತಿದ್ದರು. ಬೆಟ್ ಕಟ್ಟೋದು ಆಗಲೂ ಇತ್ತು, ಇಲ್ಲ ಅನ್ನೋಲ್ಲ. ಸೋತವರು ಬಸ್ ಸ್ಟ್ಯಾಂಡ್ ಹತ್ತಿರ ಬೋಂಡಾ ಕೊಡಿಸಬೇಕಿತ್ತು. ಅದರಿಂದ ಯಾರ ಮನೆಯೂ ಮುಳುಗಲಿಲ್ಲ.

ಅದೇ ಮನೆಯ ಹುಡುಗ ನನ್ನ ಅಣ್ಣನ ಮಗ. ಬೆಂಗಳೂರಲ್ಲಿ ಇಂಜಿನಿಯರಿಂಗ್ ಓದುತ್ತಾ ಕ್ರಿಕೆಟ್ ತಂಡ ಕಟ್ಟುವ ಒಂದು ಆ್ಯಪಿಗೆ ಬಿದ್ದ. ಮೊದಲು 49 ರೂಪಾಯಿ, ಆಮೇಲೆ ಮೆಸ್ ಫೀಸು, ಆಮೇಲೆ ಗೆಳೆಯರ ಹತ್ತಿರ ಕೈಸಾಲ. ಅಣ್ಣನಿಗೆ ಗೊತ್ತಾಗುವ ಹೊತ್ತಿಗೆ ಆ ವರ್ಷದ ಕೊಬ್ಬರಿ ಮಾರಿದ ದುಡ್ಡು ಅದಕ್ಕೇ ಹೋಯಿತು. ಅತ್ತಿಗೆ ನನಗೆ ಹೇಳಿದ್ದು ಎಷ್ಟೋ ತಿಂಗಳ ಮೇಲೆ, ಅದೂ ದನಿ ತಗ್ಗಿಸಿ. ಕರ್ನಾಟಕದಲ್ಲಿ 2021ರಲ್ಲೇ ಇಂಥ ಆಟಗಳನ್ನು ನಿಷೇಧಿಸಿ ಕಾನೂನು ತಂದಿದ್ದರು, 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಲ್ಲಿಸುವ ಕಾನೂನು ತಂದಿತು. ಎರಡು ದಿನದಲ್ಲಿ ಎರಡೂ ಸದನ ದಾಟಿತು. ಭಾರತ ತಂಡದ ಜೆರ್ಸಿ ಮೇಲೆ ಹೆಸರು ಹಾಕಿಸುತ್ತಿದ್ದ ಪ್ರಾಯೋಜಕರೇ ಹಿಂದೆ ಸರಿದರು, ಏಷ್ಯಾ ಕಪ್‌ಗೆ ನಮ್ಮವರು ಪ್ರಾಯೋಜಕರಿಲ್ಲದ ಜೆರ್ಸಿ ಹಾಕಿಕೊಂಡು ಹೋದರು. ಒಳ್ಳೇದಾಯಿತು ಎಂದುಕೊಂಡೆ. ಹುಡುಗ ಉಳಿದ ಅಂತ.

ಸೆಪ್ಟೆಂಬರ್ 28, ಭಾನುವಾರ. ಇಲ್ಲಿ ಬೇಸ್‌ಬಾಲ್ ಸೀಸನ್ನಿನ ಕೊನೆಯ ದಿನ, ಅಲ್ಲಿ ದುಬೈನಲ್ಲಿ ಏಷ್ಯಾ ಕಪ್ ಫೈನಲ್, ಭಾರತ-ಪಾಕಿಸ್ತಾನ. ನನಗೆ ಬೆಳಿಗ್ಗೆಯಿಂದ ಕೂತ ಜಾಗದಿಂದ ಏಳಲು ಆಗಲಿಲ್ಲ. ತಿಲಕ್ ವರ್ಮಾ ಔಟಾಗದೆ 69 ಹೊಡೆದು ಗೆಲ್ಲಿಸಿದ. ಅದು ಮುಗಿಯುವುದಕ್ಕೂ ಇಲ್ಲಿ ಮಧ್ಯಾಹ್ನದ ಪಂದ್ಯಗಳು ಶುರುವಾಗುವುದಕ್ಕೂ ಸರಿಹೋಯಿತು. ಆ ನಡುವೆ ಫೋನ್ ಮಾಡಿದೆ. ಊರಲ್ಲಿ ಪಟಾಕಿ ಹೊಡೀತಿರ್ತಾರೆ, ಇವನಂತೂ ಎದ್ದೇ ಇರ್ತಾನೆ ಅಂತ. ಎರಡನೇ ಸಲ ರಿಂಗ್ ಆದ ಮೇಲೆ ನಿದ್ದೆಗಣ್ಣಲ್ಲಿ ತೆಗೆದ.

"ಮ್ಯಾಚ್ ನೋಡ್ಲಿಲ್ವೇನೋ?"

"ಈಗೆಲ್ಲಾ ನೋಡಲ್ಲ ಅತ್ತೆ. ನನ್ನ ಟೀಮೇ ಇಲ್ವಲ್ಲ, ಏನಂತ ನೋಡೋದು?"

ಭಾರತ ಆಡುತ್ತಿತ್ತು. ಅವನು ಹೇಳಿದ್ದು ಆ್ಯಪಿನಲ್ಲಿ ಅವನು ಕಟ್ಟುತ್ತಿದ್ದ ಹನ್ನೊಂದು ಜನರ ಬಗ್ಗೆ.

ಗೆದ್ರೆ ಎಷ್ಟು ಅಂದಾಗ ನಕ್ಕುಬಿಡಬಹುದು. ಈ ಮಾತಿಗೆ ನನಗೆ ಹೊಟ್ಟೆಯೊಳಗೆ ಹಿಂಡಿದ ಹಾಗಾಯಿತು. ಸಾಲ ತೀರಿತು, ಆ್ಯಪ್ ಹೋಯಿತು, ಸರಿ. ಅದರ ಜೊತೆ ಆಟಾನೂ ಹೋಗಿದೆ. ಚಿಕ್ಕಪ್ಪನ ಮಡಿಲಲ್ಲಿ ಕೂತು ಎಲ್‌ಬಿಡಬ್ಲ್ಯೂ ಕಲಿತ ಹುಡುಗ ಇವನು. ಯಾವ ಕಾನೂನು ಅದನ್ನು ವಾಪಸ್ ತಂದುಕೊಡುತ್ತೆ? ದುಡ್ಡು ಸುರಿದು ಜಾಹೀರಾತು ಮಾಡಿದವರು, ಅದರಲ್ಲಿ ನಟಿಸಿದ ದೊಡ್ಡ ದೊಡ್ಡ ಆಟಗಾರರು, ವರ್ಷಗಟ್ಟಲೆ ಕಣ್ಣುಮುಚ್ಚಿ ಕೂತ ನಾವು ದೊಡ್ಡವರು, ಎಲ್ಲರೂ ಈಗ ಕೈ ತೊಳೆದುಕೊಂಡಿದ್ದೇವೆ.

ಇಲ್ಲಿ ಎಲ್ಲ ಸರಿಯಾಗಿದೆ ಅಂತ ಮಾತ್ರ ತಿಳಿಯಬೇಡಿ. ಮಿಶಿಗನ್‌ನಲ್ಲಿ 2021ರ ಜನವರಿಯಿಂದ ಫೋನಿನಲ್ಲೇ ಬೆಟ್ ಕಟ್ಟಬಹುದು, ಅದೂ ಕಾನೂನಿನ ಒಪ್ಪಿಗೆಯೊಂದಿಗೆ. ಪಂದ್ಯದ ನಡುವೆ ಬರುವ ಜಾಹೀರಾತೆಲ್ಲ ಅದೇ. 2025ರ ಜುಲೈನಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಇಬ್ಬರು ಪಿಚರ್‌ಗಳನ್ನು ಬೆಟ್ಟಿಂಗ್ ತನಿಖೆ ನಡೆಯುತ್ತಿದೆ ಎಂದು ರಜೆ ಮೇಲೆ ಕಳಿಸಿದರು. ಅವರಲ್ಲೊಬ್ಬ ನನ್ನ ತಂಡದಲ್ಲಿದ್ದ. ಅಲ್ಲಿಗೆ ನನ್ನ ಸೇವ್ ಕಾಲಂ, ಅಂದರೆ ಪಿಚರ್ ಕೊನೆಗೆ ಬಂದು ಗೆಲುವು ಉಳಿಸಿಕೊಟ್ಟ ಲೆಕ್ಕ, ಮಲಗಿತು. ಇನ್ನು ನನ್ನ ಹೆಮ್ಮೆಯ ಪಿಚರ್, ಪಿಟ್ಸ್‌ಬರ್ಗಿನ ಪಾಲ್ ಸ್ಕೀನ್ಸ್. ಒಂಬತ್ತು ಇನ್ನಿಂಗ್ಸಿಗೆ ಬಿಟ್ಟುಕೊಟ್ಟ ರನ್ ಸರಾಸರಿ 1.97, ಅಂಥ ಲೆಕ್ಕ ಸಿಗೋದೇ ಅಪರೂಪ. ಆದರೆ ಅವನ ತಂಡ ರನ್ ಹೊಡೆಯಲ್ಲ, ಹಾಗಾಗಿ ಅವನ ಹೆಸರಿಗೆ ಗೆಲುವು 10, ಸೋಲು 10. ಗೆಲುವಿನ ಕಾಲಂನಲ್ಲಿ ನನಗೆ ಸಿಕ್ಕಿದ್ದು ಎರಡೇ ಅಂಕ.

ಅಜ್ಜಿ ಗೆದ್ದಿದ್ದು ಇಬ್ಬರಿಂದ. ಒಬ್ಬ ಸಿಯಾಟಲ್‌ನ ಕ್ಯಾಲ್ ರ‍್ಯಾಲಿ. ಕ್ಯಾಚರ್, ಅಂದರೆ ನಮ್ಮ ವಿಕೆಟ್ ಕೀಪರ್ ಮಾಡುವ ಕೆಲಸ, ದಿನವೆಲ್ಲ ಕುಕ್ಕರಗಾಲಲ್ಲಿ ಕೂತು ಮಂಡಿ ಸವೆಸಿಕೊಳ್ಳುವವನು. ಒಂದು ಸೀಸನ್ನಿನಲ್ಲಿ ಕ್ಯಾಚರ್ ಒಬ್ಬ ಹೊಡೆದ ಹೋಮ್ ರನ್ ದಾಖಲೆ 48 ಇತ್ತು. ಇವನು 60 ಹೊಡೆದ. ಮಾರ್ಚಿಯಲ್ಲಿ ಅಜ್ಜಿ ಅವನ ಹೆಸರು ಹೇಳಿದಾಗ "ಕ್ಯಾಚರ್‌ಗೆ ಇಷ್ಟು ಬೇಗ ಯಾಕೆ" ಎಂದು ಮೊಮ್ಮಗ ಗೊಣಗಿದ್ದ. ಇನ್ನೊಬ್ಬ ಟೈಗರ್ಸ್‌ನ ಟಾರಿಕ್ ಸ್ಕೂಬಲ್, 241 ಸ್ಟ್ರೈಕ್ ಔಟ್. ಸೆಪ್ಟೆಂಬರ್ 23ರ ರಾತ್ರಿ ಸ್ಕೂಬಲ್ ಎಸೆದ 99 ಮೈಲಿ ವೇಗದ ಚೆಂಡು, ಬಂಟ್ ಮಾಡಲು, ಅಂದರೆ ಚೆಂಡನ್ನು ಮೆಲ್ಲಗೆ ತಟ್ಟಲು, ಬಾಗಿದ್ದ ಡೇವಿಡ್ ಫ್ರೈ ಮುಖಕ್ಕೇ ಬಡಿಯಿತು. ಲೀಗಿನಲ್ಲಿ ಅಜ್ಜಿ, ಮೊಮ್ಮಗ ಕೂದಲೆಳೆ ಅಂತರದಲ್ಲಿದ್ದ ಸಮಯ ಅದು, ಒಂದೊಂದು ಸ್ಟ್ರೈಕ್ ಔಟೂ ಲೆಕ್ಕಕ್ಕೆ ಬರುತ್ತಿತ್ತು. ಮಾರನೇ ದಿನ ಕಸದ ಡಬ್ಬ ಎಳೆದುಕೊಂಡು ಹೋಗುವಾಗ ಅಜ್ಜಿ ಸಿಕ್ಕರು. ಎಷ್ಟು ಅಂಕ ಬಂತು ಅಂತ ಕೇಳಿದೆ. "ನಾನು ನೋಡಿಲ್ಲ. ಆ ಹುಡುಗನಿಗೆ ಹೇಗಿದೆಯಂತೆ?" ಅಂದರು. ಫ್ರೈ ಆಡುವುದು ಎದುರು ತಂಡ ಕ್ಲೀವ್‌ಲ್ಯಾಂಡಿಗೆ. ಅದೇ ಕ್ಲೀವ್‌ಲ್ಯಾಂಡ್ ಜುಲೈನಲ್ಲಿ ಹದಿನೈದೂವರೆ ಪಂದ್ಯದಷ್ಟು ಹಿಂದಿದ್ದು, ಅಟ್ಟಿಸಿಕೊಂಡು ಬಂದು, ಸೀಸನ್ನಿನ ಕೊನೆಯ ದಿನ ಟೈಗರ್ಸ್ ಕೈಯಿಂದ ಡಿವಿಷನ್, ಅಂದರೆ ಅವರ ಗುಂಪಿನ ಮೊದಲ ಸ್ಥಾನ, ಕಿತ್ತುಕೊಂಡಿತು. ಅಂದರೆ ಅಜ್ಜಿಯ ಲೆಕ್ಕದ ತಂಡ ಗೆದ್ದ ದಿನವೇ ಅವರ ಪ್ರಾಣದ ತಂಡ ಜಾರಿಬಿತ್ತು. ಅಭಿಷೇಕಕ್ಕೆ ಕೂತಾಗ ನಗುತ್ತಿದ್ದರು ನಿಜ, ಆದರೆ ಬಾಯಲ್ಲಿ ಬೈಗುಳಾನೂ ಇತ್ತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಟೈಗರ್ಸ್ ಹಿಂಬಾಗಿಲಿನಿಂದ ಪ್ಲೇಆಫ್ ಸೇರಿ, ಕ್ಲೀವ್‌ಲ್ಯಾಂಡನ್ನು ಅವರದೇ ಮೈದಾನದಲ್ಲಿ ಸೋಲಿಸಿ, ಸಿಯಾಟಲ್ ಎದುರಿನ ಸರಣಿಯ ಕೊನೆಯ, ಐದನೇ ಪಂದ್ಯದವರೆಗೆ ಹೋಯಿತು. ಅಕ್ಟೋಬರ್ 10. ಒಂದು ಕಡೆ ಸ್ಕೂಬಲ್, ಇನ್ನೊಂದು ಕಡೆ ರ‍್ಯಾಲಿ, ಇಬ್ಬರೂ ಅಜ್ಜಿಯವರೇ! ಸ್ಕೂಬಲ್ ಆರು ಇನ್ನಿಂಗ್ಸ್‌ನಲ್ಲಿ 13 ಜನರನ್ನು ಸ್ಟ್ರೈಕ್ ಔಟ್ ಮಾಡಿದ. ಆದರೂ ಒಂಬತ್ತಕ್ಕೆ ಮುಗಿಯಬೇಕಾದ ಪಂದ್ಯ ಹದಿನೈದು ಇನ್ನಿಂಗ್ಸ್ ಎಳೆದು, ರಾತ್ರಿ ಒಂದು ಗಂಟೆ ದಾಟಿದ ಮೇಲೆ ಟೈಗರ್ಸ್ 3-2ರಲ್ಲಿ ಸೋತಿತು.

ಆಗ ಊರಲ್ಲಿ ಬೆಳಿಗ್ಗೆ. ನಿದ್ದೆ ಬರದೆ ಹುಡುಗನಿಗೆ ಎಲ್ಲ ಮೆಸೇಜ್ ಮಾಡಿದೆ, ಸುಮ್ನೆ, ಯಾರಿಗಾದರೂ ಹೇಳಬೇಕಿತ್ತು. ಜೊತೆಗೆ ಇದನ್ನೂ ಬರೆದೆ: ನಮ್ಮ ಲೀಗಿನಲ್ಲಿ ಮುಂದಿನ ವರ್ಷಕ್ಕೆ ಇಬ್ಬರನ್ನು ಉಳಿಸಿಕೊಳ್ಳಬಹುದು. ಅಜ್ಜಿ ಸಿಟ್ಟಿನಲ್ಲಿ ಹೇಗೂ ರ‍್ಯಾಲಿಯನ್ನು ಕೊಟ್ಟು, ಬದಲಿಗೆ ನನ್ನ ಸ್ಕೀನ್ಸ್ ಕೇಳುತ್ತಾರೆ. ಕೊಡಲಾ?

ಮಧ್ಯಾಹ್ನ ಎದ್ದು ನೋಡಿದರೆ ನಾಲ್ಕು ವಾಯ್ಸ್ ಮೆಸೇಜ್. ಯಾರ್ಯಾರಿಗೆ ಎಷ್ಟು ವಯಸ್ಸು, ಕ್ಯಾಚರ್‌ಗಳು ಯಾವಾಗ ಸುಸ್ತಾಗುತ್ತಾರೆ, ಎಲ್ಲಾ ಹುಡುಕಿದ್ದಾನೆ. "ಕೊಡಬೇಡಿ ಅತ್ತೆ. ಸ್ಕೀನ್ಸ್‌ಗೆ ಇನ್ನೂ 23. 60 ಮತ್ತೆ ಬರಲ್ಲ. ಅಜ್ಜಿಗೆ ನಿಮ್ಮನ್ನ ಕಂಡ್ರೆ ಸಲಿಗೆ, ಅದಕ್ಕೇ ಟೋಪಿ ಹಾಕ್ತಿದಾರೆ."

ಭಾನುವಾರ ಅಜ್ಜಿ ಎಲೆ ಗುಡಿಸುತ್ತಿದ್ದರು. ಅಂದುಕೊಂಡ ಹಾಗೇ ಕೇಳಿದರು. ಆಗಲ್ಲ ಅಂದೆ. ಇಂಡಿಯಾದಲ್ಲಿ ನನ್ನ ಮ್ಯಾನೇಜರ್ ಬೇಡ ಅಂದಿದ್ದಾನೆ ಅಂದೆ.

"ಹಾಗಾದ್ರೆ ಮಾರ್ಚಿಗೆ ಅವನನ್ನೂ ಫೋನಲ್ಲಿ ಕೂರಿಸು" ಅಂದರು ಅಜ್ಜಿ. "ಹನ್ನೆರಡನೇ ತಂಡ ಹೇಗೂ ಖಾಲಿ ಇದೆ."