ಥರ್ಟಿ ಫಾರ್ಟಿ ಸೈಟಿನೊಳಗಿನ ತ್ರಿಭುಜ

"ಅಮ್ಮ, ಇದು ಅಸಮಬಾಹುನಾ, ಲಂಬಕೋನನಾ? ಒಂದೇ ಹೆಸರು ಹೇಳು."

ಹುಳಿಗೆ ಒಗ್ಗರಣೆ ಹಾಕುತ್ತಿದ್ದೆ. ಏಳನೇ ಕ್ಲಾಸಿನ ಮಗಳು ಪುಸ್ತಕ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಬಾಹುಗಳು 3, 4, 5 ಸೆಂ.ಮೀ. ಎರಡೂ ಹೌದು ಪುಟ್ಟಿ ಅಂದೆ. ಅವಳಿಗೆ ಸಮಾಧಾನ ಆಗಲಿಲ್ಲ.

ಒಲೆ ಆರಿಸಿ ಕೂತೆ. ಆ ಮೂರು ಸಂಖ್ಯೆ ಕಂಡರೆ ನನಗೆ ಅಪ್ಪ ನೆನಪಾಗುತ್ತಾರೆ. ಅಪ್ಪ ಗಾರೆ ಮೇಸ್ತ್ರಿ. ಕತ್ತರಿಗುಪ್ಪೆ ಕಡೆ ಸಾಲು ಸಾಲು ಮನೆ ಏಳುತ್ತಿದ್ದ ಕಾಲ. ರಜೆಯಲ್ಲಿ ನಾನೂ ಕೆಲಸದ ಜಾಗಕ್ಕೆ ಹೋಗುತ್ತಿದ್ದೆ. ಪಾಯ ತೆಗೆಯುವ ಮುಂಚೆ ಗೂಟ ಹೊಡೆದು ದಾರ ಕಟ್ಟುತ್ತಿದ್ದರು. ಮೂಲೆಯಿಂದ ಒಂದು ದಾರದ ಮೇಲೆ 3 ಅಡಿಗೆ ಗುರುತು, ಇನ್ನೊಂದರ ಮೇಲೆ 4 ಅಡಿಗೆ. ಎರಡು ಗುರುತುಗಳ ಮಧ್ಯೆ ಟೇಪು ಹಿಡಿದರೆ ಸರಿಯಾಗಿ 5 ಅಡಿ ಬರಬೇಕು. ಟೇಪಿನ ಒಂದು ತುದಿ ನನ್ನ ಕೈಯಲ್ಲಿ. 5 ದಾಟಿದರೆ "ಮೂಲೆ ಬಾಯಿ ಬಿಟ್ಟಿದೆ" ಅನ್ನುತ್ತಿದ್ದರು. ಒಂದೆರಡು ಇಂಚು ಕಮ್ಮಿ ಬಂದರೆ "ಮುಚ್ಕೊಂಡಿದೆ". ಗೂಟ ಕಿತ್ತು ಮತ್ತೆ ಹೊಡೆಯುವುದು. ಐದು ಬರುವ ತನಕ ಕಾಫಿಗೂ ಏಳುತ್ತಿರಲಿಲ್ಲ.

ದಾರ ಹಿಡಿದು ಮೂಲೆ ಕೂಡಿಸುವುದು ತುಂಬಾ ಹಳೆಯ ವಿದ್ಯೆ. ಶುಲ್ಬ ಅಂದರೆ ಹಗ್ಗ. ಯಜ್ಞವೇದಿ ಅಳೆಯುವ ಬೌಧಾಯನ ಶುಲ್ಬಸೂತ್ರದಲ್ಲೂ ಇದೇ 3, 4ರ ಜೋಡಿ ಇದೆ.

ಮಗಳಿಗೆ ಇದನ್ನೇ ಹೇಳಿದೆ. ಬಾಯಿ ಬಿಟ್ಟದ್ದು ವಿಶಾಲಕೋನ. ಮುಚ್ಚಿಕೊಂಡದ್ದು ಲಘುಕೋನ. ಸರಿಯಾಗಿ ಕೂಡಿದ್ದು ಲಂಬಕೋನ. ಕೋನಮಾಪಕ ಬೇಕಾಗಿಯೇ ಇಲ್ಲ. ಎಲ್ಲಕ್ಕಿಂತ ಉದ್ದದ ಬಾಹುವಿನ ವರ್ಗ ತೆಗೆ, ಉಳಿದೆರಡರ ವರ್ಗಗಳನ್ನು ಕೂಡಿಸಿ ಪಕ್ಕದಲ್ಲಿಡು. ಸಮ ಬಂದರೆ ಲಂಬ, ಉದ್ದದ್ದು ಜಾಸ್ತಿಯಾದರೆ ವಿಶಾಲ, ಕಮ್ಮಿಯಾದರೆ ಲಘು. ಬಾಹುಗಳ ಅಳತೆಯೇ ಕೋನದ ಹೆಸರನ್ನೂ ಹೇಳಿಬಿಡುತ್ತದೆ. ನನಗೆ ಇದು ಈಗಲೂ ಬೆರಗು.

ನಮ್ಮ ಬೆಂಗಳೂರಿನ ಥರ್ಟಿ ಫಾರ್ಟಿ ಸೈಟನ್ನೇ ತಗೊಳ್ಳಿ. ಮೂಲೆಯಿಂದ ಮೂಲೆಗೆ ಸರಿಯಾಗಿ 50 ಅಡಿ. ಅಪ್ಪನ 3, 4, 5ರ ಹತ್ತರಷ್ಟು. ಹಾಗೆ ಗೆರೆ ಎಳೆದರೆ ಸೈಟು ಎರಡು ಅಸಮಬಾಹು ಲಂಬಕೋನ ತ್ರಿಭುಜ ಆಗುತ್ತದೆ. ಎದುರುಬದುರು ಬದಿಗಳು 30, 40 ಸರಿಯಿದ್ದೂ ಸೈಟು ಓರೆಯಾಗಿರಬಹುದು. ಆಗ ಒಂದು ಕರ್ಣ 51 ಬಂದರೆ ಇನ್ನೊಂದು 49ರ ಹತ್ತಿರ ಇರುತ್ತದೆ. ಅದೇ ಸೈಟನ್ನು ಒಂದು ಕರ್ಣದಲ್ಲಿ ಸೀಳಿದರೆ ವಿಶಾಲಕೋನದ ಎರಡು ತ್ರಿಭುಜ, ಇನ್ನೊಂದರಲ್ಲಿ ಸೀಳಿದರೆ ಲಘುಕೋನದ ಎರಡು. ಅಪ್ಪ ಎರಡೂ ಕರ್ಣ ಅಳೆಯದೆ ಪಾಯಕ್ಕೆ ಕೈ ಹಾಕುತ್ತಿರಲಿಲ್ಲ.

ಆಮೇಲೆ ಒಂಬತ್ತು ಮನೆಯ ಚೌಕ ಬರೆದೆವು. ಅಡ್ಡಕ್ಕೆ ಸಮಬಾಹು, ಸಮದ್ವಿಬಾಹು, ಅಸಮಬಾಹು. ಉದ್ದಕ್ಕೆ ಲಘು, ಲಂಬ, ವಿಶಾಲ. ಪ್ರತಿ ಮನೆಗೂ ಒಂದೊಂದು ತ್ರಿಭುಜ ಹುಡುಕು ಅಂದೆ. ಕಂಪಾಸ್ ಬಾಕ್ಸಿನ ಎರಡು ಸೆಟ್ ಸ್ಕ್ವೇರ್ ತಕ್ಷಣ ಜಾಗ ಹಿಡಿದವು. 45, 45, 90ರದ್ದು ಸಮದ್ವಿಬಾಹು ಲಂಬಕೋನ. 30, 60, 90ರದ್ದು ಅಸಮಬಾಹು ಲಂಬಕೋನ. ಏಳು ಮನೆ ತುಂಬಿತು. ಸಮಬಾಹುವಿನ ಕೆಳಗೆ ಎರಡು ಖಾಲಿ ಉಳಿದವು.

ಅವಳು ಪೊರಕೆಯಿಂದ ಮೂರು ಕಡ್ಡಿ ಕಿತ್ತು ಒಂದೇ ಅಳತೆಗೆ ಮುರಿದಳು. ತುದಿಗೆ ತುದಿ ಸೇರಿಸಿ ಒಂದು ಮೂಲೆಯನ್ನು ಅಗಲಿಸಲು ನೋಡಿದಳು. ಎದುರಿನ ಕಡ್ಡಿ ಸಾಲದೆ ತುದಿ ಬಿಟ್ಟುಕೊಳ್ಳುತ್ತಿತ್ತು. ಎರಡು ಮೂರು ಸಲ ಹಾಗೇ ಮಾಡಿ ಸುಮ್ಮನೆ ಕೂತಳು.

"ಅಮ್ಮ, ಮೂರೂ ಒಂದೇ ಉದ್ದ ಆದ್ರೆ ಮೂರು ಮೂಲೆನೂ 60 ಆಗ್ಲೇಬೇಕು. ಒಂದೇ ಒಂದು ಬಾಯಿ ಬಿಡೋಕೆ ಆಗಲ್ಲ, ಅಲ್ವಾ?"