ಬಾಡಿಗೆದಾರರ ಪರ ನಿಂತ ಶೆರಿಫ್

ಅಮೆರಿಕದ ಷಾಂಬರ್ಗ್‌ಗೆ ಬಂದ ಹೊಸದರಲ್ಲಿ, ಶೆರಿಫ್ (ಕೌಂಟಿ, ಅಂದರೆ ಜಿಲ್ಲೆಯಂಥ ಪ್ರದೇಶದ ಪೊಲೀಸ್ ಮುಖ್ಯಸ್ಥ) ಹುದ್ದೆಗೂ ವೋಟು ಹಾಕ್ತಾರೆ ಅಂತ ಕೇಳಿ ನಗು ಬಂದಿತ್ತು. ನಮ್ಮೂರಲ್ಲಿ ಎಸ್‌ಪಿಯನ್ನು ಸರ್ಕಾರ ನೇಮಿಸುತ್ತದೆ, ಅಲ್ವಾ? ಇಲ್ಲಿ, ಷಿಕಾಗೋ ಇರುವ ಕುಕ್ ಕೌಂಟಿಯಲ್ಲಿ, 2006ರಿಂದ ಟಾಮ್ ಡಾರ್ಟ್ ಗೆಲ್ಲುತ್ತಲೇ ಬಂದಿದ್ದಾರೆ. ಮೊದಲು ಪ್ರಾಸಿಕ್ಯೂಟರ್, ಆಮೇಲೆ ಇಲಿನಾಯ್ ರಾಜ್ಯದ ಶಾಸಕ ಆಗಿದ್ದವರು.

ನನಗೆ ಅವರು ಇಷ್ಟವಾಗಿದ್ದು 2008ರ ಅಕ್ಟೋಬರ್‌ನ ಕತೆ ಕೇಳಿ. ಆಗ ಸಾಲ ಕಟ್ಟದ ಮನೆಗಳನ್ನು ಬ್ಯಾಂಕುಗಳು ವಶಕ್ಕೆ ತೆಗೆದುಕೊಳ್ಳುತ್ತಿದ್ದವು. ಜನರನ್ನು ಹೊರಹಾಕುವ ಕೆಲಸ ಶೆರಿಫ್ ಸಿಬ್ಬಂದಿಯದು. ಬಾಗಿಲು ತಟ್ಟಿದರೆ ಒಳಗೆ ಎಷ್ಟೋ ಸಲ ಬಾಡಿಗೆದಾರರು. ತಿಂಗಳು ತಿಂಗಳು ಸರಿಯಾಗಿ ಬಾಡಿಗೆ ಕೊಟ್ಟವರು. ಮಾಲೀಕ ಸಾಲ ಕಟ್ಟಿಲ್ಲ ಅನ್ನೋದೇ ಅವರಿಗೆ ಗೊತ್ತಿಲ್ಲ! ಡಾರ್ಟ್ ಆ ಕೆಲಸವನ್ನೇ ನಿಲ್ಲಿಸಿಬಿಟ್ಟರು. ಬ್ಯಾಂಕುಗಳ ಸಂಘ ಸಿಟ್ಟಾಯಿತು. ಸ್ವಲ್ಪ ದಿನದಲ್ಲೇ ಬಾಡಿಗೆದಾರರಿಗೆ ರಕ್ಷಣೆಯ ನಿಯಮಗಳು ಬಂದವು, ಕೆಲಸ ಮತ್ತೆ ಶುರುವಾಯಿತು.

ಇನ್ನೊಂದು ಕತೆ: 1970ರ ದಶಕದಲ್ಲಿ ಇಲ್ಲಿನ ಸರಣಿ ಹಂತಕ ಜಾನ್ ವೇಯ್ನ್ ಗೇಸಿ ಕೊಂದವರಲ್ಲಿ ಎಂಟು ಜನರ ಹೆಸರೇ ಗೊತ್ತಿರಲಿಲ್ಲ. 2011ರಲ್ಲಿ ಡಾರ್ಟ್ ಆ ಕೇಸು ಮತ್ತೆ ತೆರೆಸಿದರು. ಡಿಎನ್‌ಎಯಿಂದ ಮೂವರ ಗುರುತು ಸಿಕ್ಕಿದೆ.

ಹಾಗಂತ ಎಲ್ಲಾ ಹೊಗಳಿಕೆಯೇ ಅಲ್ಲ. ಶೆರಿಫ್ ನೋಡಿಕೊಳ್ಳುವ ಕೌಂಟಿ ಜೈಲಿನಲ್ಲಿ ಕೊರೊನಾ ಹರಡಿದಾಗ ಕೈದಿಗಳು ಡಾರ್ಟ್ ಮೇಲೇ ಕೇಸು ಹಾಕಿದ್ದರು.